ಅದೇನು ಸದ್ದು?

ಫೆಬ್ರವರಿ 3, ಬೆಳಗ್ಗೆ

ಟೀ ಆಯಿತು. ಲಂಗರು ಎತ್ತಿದ್ದೂ ಆಯಿತು. ಎತ್ತುವುದು ಸುಲಭ, ಇವರು ಹಗ್ಗಕ್ಕೆ ಹಾಕಿದ ಗಂಟು ಬಿಚ್ಚುವುದೇ ಕಷ್ಟ. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದೆ. ಬೈಗುಳ ಗಂಟಲವರೆಗೆ ಬಂತು... ನುಂಗಿದೆ.

ಈಗ ನುಂಗುವುದೇ ಕೆಲಸವಾಗಿದೆ. ಅದಕ್ಕೇ ಈ ಡೈರಿ. ಮಗಳು ಯಾವಾಗಲೋ ಕೊಟ್ಟಿದ್ದು. ಮೇಲಿನ ಪ್ಲಾಸ್ಟಿಕ್ಕೂ ತೆಗೆದಿರಲಿಲ್ಲ.

ಇವರಿಗೆ ಕಿವಿ ಮಿಷನ್ ಬಂದಿದೆ. ಎರಡೂ ಕಿವಿಗೆ. ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ ಮುಂದೆ ನಿಂತು ನಿಂತು ಕಿವಿ ಹೋಗಿ ಎಷ್ಟೋ ವರ್ಷವಾಯಿತು. ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು, ಉಳಿದದ್ದು ತುಟಿ ನೋಡಿ. ನಾನೋ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ತುಟಿ ಅಲುಗಿಸದೆ ಮಾತಾಡುವುದು ರೂಢಿ. ಹೀಗಾಗಿ ಮನೆಯಲ್ಲಿ ನನಗೆ ಪೂರ್ತಿ ಸ್ವಾತಂತ್ರ್ಯವಿತ್ತು. ಬೆನ್ನ ಹಿಂದೆ ಬಯ್ಯುವ ಗತಿ ನನಗೆಂದೂ ಬಂದಿಲ್ಲ. ಮುಖದೆದುರೇ ಬಯ್ಯುತ್ತಿದ್ದೆ.

ಮಿಷನ್ ಹಾಕಿಕೊಂಡು ಮನೆಗೆ ಬಂದ ದಿನ ಯಾರದೋ ಪ್ಯಾಂಟಿನ ಅಂಚು ಮಡಚುತ್ತ ಕೂತಿದ್ದೆ. ಸೂಜಿಗಳ ಸಂದಿಯಿಂದಲೇ ಅಂದೆ, "ಬಂತು ನೋಡು ದೊರೆ ಸವಾರಿ."

"ಬಂತು" ಅಂದರು.

ಒಂದು ಸೂಜಿ ಹೊಟ್ಟೆಗೇ ಹೋಗುತ್ತಿತ್ತು.

ಮಿಷನ್ ಸದ್ಯಕ್ಕೆ ಟ್ರಯಲ್ ಮೇಲೆ ಕೊಟ್ಟಿದ್ದಾರೆ. ಇಟ್ಟುಕೊಳ್ಳುತ್ತೀವೋ, ವಾಪಸ್ ಕೊಡುತ್ತೀವೋ — ಹದಿನೆಂಟನೇ ತಾರೀಕು ತೆಂಕಣ ಬಂದರಿನ ಕ್ಲಿನಿಕ್ಕಿಗೆ ಹೋಗಿ ಹೇಳಬೇಕು. ಬಸ್ಸಿದೆ. ಆದರೆ ಇವರಿಗೆ ದೋಣಿಯೇ ಆಗಬೇಕು. ರಿಟೈರ್ ಆದಮೇಲೆ ಕೂತು ರಿಪೇರಿ ಮಾಡಿದ ಹಾಯಿದೋಣಿ. ಹಾಯಿ ಹೊಲಿದದ್ದು ನಾನು. ಚಪ್ಪಟೆ ತಳ, ಸೊಂಟದಷ್ಟು ನೀರಿದ್ದರೂ ಸಾಕು. ಈ ದಂಡೆಯ ನೀರೂ ಅಷ್ಟೇ: ಬಗ್ಗಿ ನೋಡಿದರೆ ಮರಳು ಕಾಣುತ್ತದೆ, ಕೈ ಅದ್ದಿದರೆ ಸ್ನಾನಕ್ಕೆ ಕಾಯಿಸಿಟ್ಟ ಹಾಗೆ ಬೆಚ್ಚಗೆ.

ಕರೆಯುತ್ತಿದ್ದಾರೆ. "ಅದೇನು ಸದ್ದು?" ಬೆಳಗಿನಿಂದ ಮೂರನೇ ಸಲ.

ಫೆಬ್ರವರಿ 4

ತಲೆ ತಿಂದುಬಿಟ್ಟರು.

"ಅದೇನು ಸದ್ದು?" ಹಗ್ಗ ರೀ, ಕಂಬಕ್ಕೆ ತಾಗ್ತಿದೆ. "ಇದು?" ನೀರು. "ಯಾವ ನೀರು? ಒಳಗೆ ಬರ್ತಿದ್ಯಾ?" ಹೊರಗಿನ ನೀರು ರೀ, ದೋಣಿ ಅಂದ್ಮೇಲೆ ಹೊರಗೆ ನೀರು ಇರಲೇಬೇಕಲ್ಲ! ಊಟಕ್ಕೆ ಕೂತರೆ ತಾವು ಹಪ್ಪಳ ಕಡಿದ ಸದ್ದಿಗೆ ತಾವೇ ಬೆಚ್ಚಿಬಿದ್ದರು. ಸಂಜೆ ಎಲ್ಲೋ ತೊಟ್ಟಿಕ್ಕುತ್ತಿದೆಯೆಂದು ಅಕ್ಕಿ ಡಬ್ಬ, ಹಾಸಿಗೆ, ಸ್ಟವ್ ಎಲ್ಲ ಹೊರಗೆ ಹಾಕಿ ಹುಡುಕಿದರು. ತೊಟ್ಟಿಕ್ಕುತ್ತಿದ್ದದ್ದು ನಾನು ಒಗೆದು ಹಾಕಿದ ಅವರದೇ ಬನಿಯನ್.

ನಾನು ಒಂದೇ ಉತ್ತರಕ್ಕೆ ಬಂದಿದ್ದೇನೆ — "ಏನೂ ಇಲ್ಲ ರೀ."

ಇನ್ನೊಂದು ವಿಷಯ. ನಾನು ಗೊರಕೆ ಹೊಡೆಯುತ್ತೇನಂತೆ! ಬೆಳಗ್ಗೆ ಎದ್ದವರೇ ಏನೋ ದೊಡ್ಡ ಸುದ್ದಿ ತಂದವರ ಹಾಗೆ ಹೇಳಿದರು. ಇಷ್ಟು ಕಾಲ ಇವರ ಗೊರಕೆ ಕೇಳಿಕೊಂಡು ಬಾಳಿದವಳಿಗೆ ಈ ಬಹುಮಾನ.

ಫೆಬ್ರವರಿ 6

ಆಗಬಾರದ್ದು ಆಯಿತು.

ಗಾಳಿ ತಿರುಗಿತು. ಹಾಯಿ ಇಳಿಸಬೇಕಿತ್ತು. ಮತ್ತೆ ಅದೇ ಗಂಟು... ಉಗುರು ಕಿತ್ತು ರಕ್ತ ಬಂತು. ಮೈಮರೆತು, ಹಳೇ ರೂಢಿಯಂತೆ, ತುಟಿ ಅಲುಗಿಸದೆ ಅಂದುಬಿಟ್ಟೆ, "ಈ ಮನುಷ್ಯನ ಕೈಗೆ ಹಗ್ಗ ಕೊಟ್ಟವರನ್ನ ಹಿಡಿದು ಹೊಡೀಬೇಕು. ಕತ್ತೆ ಕಟ್ಟೋಕೂ ಬರಲ್ಲ. ಇಂಥವರ ಜೊತೆ ಬದುಕಿದೀನಲ್ಲ, ನನ್ನ ಪುಣ್ಯ."

ಎರಡು ಮಾರು ದೂರದಲ್ಲಿದ್ದರು, ಬೆನ್ನು ತಿರುಗಿಸಿ. ನಿಧಾನಕ್ಕೆ ತಿರುಗಿದರು. ಮುಖ ಇಷ್ಟೇ ಇಷ್ಟು ಆಗಿತ್ತು.

"ಇಷ್ಟು ವರ್ಷಾನೂ ಹೀಗೇ ಮಾತಾಡ್ತಿದ್ಯಾ?"

"ಇಲ್ಲಪ್ಪ, ಇವತ್ತು ಏನೋ..." ಅಂದೆ. ಸುಳ್ಳು ಹೇಳಲು ನನಗೆ ಬರುವುದೂ ಇಲ್ಲ.

ಮಿಷನ್ ತೆಗೆದರು. ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದರು. "ಸಾಕು. ಹದಿನೆಂಟಕ್ಕೆ ವಾಪಸ್ ಕೊಟ್ಟುಬಿಡೋಣ."

ಪಾಪ ಅನಿಸಿತು. ನಿಜ ಹೇಳುತ್ತೇನೆ, ಅದರ ಹಿಂದೆಯೇ ಹಾಯೆನಿಸಿತು. ಬಿಗಿ ರವಿಕೆಯ ಹುಕ್ಕು ಬಿಚ್ಚಿದ ಹಾಗೆ. ಪಾತ್ರೆ ತೊಳೆಯುತ್ತ ಗಟ್ಟಿಯಾಗಿ ಹಾಡಿದೆ. ರಾಗ ಕೆಟ್ಟರೂ ಕೇಳುವವರಿಲ್ಲ. ಗಂಟಿಗೂ, ಗೊರಕೆಗೂ, ನಮ್ಮ ನಾದಿನಿಗೂ ಸೇರಿಸಿ ಒಂದು ಸುತ್ತು ಬೈದೆ. ಡೈರಿ ಇನ್ನು ಬೇಡ.

ಫೆಬ್ರವರಿ 9

ಮತ್ತೆ ತೆಗೆದೆ. ಕಾರಣ ಇದೆ.

ಮೂರು ದಿನದಿಂದ ಸ್ವಾತಂತ್ರ್ಯ. ಮೊದಲ ದಿನ ಹಬ್ಬ. ಎರಡನೇ ದಿನ ಸಪ್ಪೆ. ಇವತ್ತು ನೀರಿನಡಿ ದೊಡ್ಡ ಆಮೆಯೊಂದು ದೋಣಿಯ ಜೊತೆಗೇ ಬಂತು. ನಮ್ಮ ಕಾರ್ಪೊರೇಶನ್ ಗುಮಾಸ್ತನ ನಡಿಗೆ ಥೇಟ್! ಹಾಗಂತ ಹೇಳಿ ನಾನೇ ಬಿದ್ದು ಬಿದ್ದು ನಕ್ಕೆ. ಇವರು ನನ್ನ ಕಡೆ ನೋಡಿ "ಹ್ಞೂಂ" ಅಂದರು. ನಗುವ ಜಾಗದಲ್ಲಿ ಹ್ಞೂಂ. ಈ ಹ್ಞೂಂ ಎಷ್ಟು ವರ್ಷದ್ದು! ಈವರೆಗೆ ಚುಚ್ಚಿರಲಿಲ್ಲ. ಒಂದು ವಾರ "ಅದೇನು, ಇದೇನು" ಅಂತ ಕೇಳಿಸಿಕೊಂಡಮೇಲೆ ಚುಚ್ಚುತ್ತಿದೆ.

ಮಧ್ಯಾಹ್ನ ದೀಪಸ್ತಂಭದ ಹತ್ತಿರ ಸಿಗ್ನಲ್ ಸಿಕ್ಕಿತು. ಮಗಳ ಫೋನು. "ಅಪ್ಪಂಗೆ ಕೊಡಮ್ಮ." ಕೊಟ್ಟೆ. ಕಿವಿಗೆ ಹಿಡಿದು ಒಂದು ಗಳಿಗೆ ನಿಂತರು, ವಾಪಸ್ ನನ್ನ ಕೈಗಿಟ್ಟರು. ಮಿಷನ್ ಹಾಕಿದ ದಿನ ಇದೇ ಮಗಳ ದನಿ ಕೇಳಿ, "ಇವಳ ಗಂಟಲು ನಮ್ಮಮ್ಮನ ಗಂಟಲು ಕಣೇ" ಅಂತ ಕಣ್ಣೊರೆಸಿಕೊಂಡಿದ್ದ ಮನುಷ್ಯ.

"ಅಪ್ಪ ಮಿಷನ್ ಹಾಕ್ಕೊಂಡಿಲ್ವಾ?"

"ಬ್ಯಾಟರಿ ಮುಗಿದಿದೆ ಪುಟ್ಟಿ."

ನಾಲಿಗೆ ಕಚ್ಚಿಕೊಂಡೆ. ಬ್ಯಾಟರಿ ಒಂದು ಪೊಟ್ಟಣ ತುಂಬ ಇದೆ. ಮಿಷನ್ ಡಬ್ಬಿ ಸೇರಿದ್ದು ನನ್ನ ಬಾಯಿಂದ.

ಫೆಬ್ರವರಿ 10

ಡಬ್ಬಿ ತಂದು ಕೈಗೆ ಕೊಟ್ಟೆ. "ಹಾಕ್ಕೊಳ್ಳಿ" ಅಂತ ಕೂಗಿದೆ. ದಡದ ಕೊಕ್ಕರೆಗಳು ಎದ್ದವು.

"ನೀನು ಬಯ್ಯೋದು ಕೇಳೋಕಾ?"

"ಬಯ್ಯಲ್ಲ!"

"ಬಯ್ಯದೆ ಇದ್ರೆ ಬಾಯೇ ಬಿಡಲ್ಲ ನೀನು. ಹೋದ ವಾರ ಎಲ್ಲ ಮೂಕಿ ಥರ ಇದ್ದೆ. ಆಮೇಲೆ ನಾನು ಏನು ಕೇಳ್ಲಿ?"

ಅರೆ! ಇದು ನನಗೆ ಹೊಳೆದೇ ಇರಲಿಲ್ಲ. ಬಯ್ಯದಿದ್ದರೆ ಸಾಕು ಅಂದುಕೊಂಡಿದ್ದೆ. ಮಾತೇ ನಿಂತುಹೋಗಿತ್ತು, ಅದನ್ನು ಇವರು ಗಮನಿಸಿದ್ದಾರೆ.

ಬಹಳ ಹೊತ್ತು ಡಬ್ಬಿ ಕೈಯಲ್ಲೇ ಇತ್ತು. ಆಮೇಲೆ ಹಾಕಿಕೊಂಡರು. ಮಾತು ಮಾತ್ರ ಇಬ್ಬರಿಗೂ ಸರಿಯಾಗಿ ಬರಲಿಲ್ಲ. ಹೊಸದಾಗಿ ಮದುವೆಯಾದವರ ಹಾಗೆ — ಟೀ ಬೇಕಾ, ಹ್ಞೂಂ ಬೇಕು. ಹದಿನೆಂಟರ ಮಾತು ಎತ್ತಲು ನನಗೆ ಧೈರ್ಯ ಸಾಲದು. ಇಟ್ಟುಕೊಳ್ಳಲಿ ದೇವರೇ.

ಫೆಬ್ರವರಿ 12, ಮಧ್ಯಾಹ್ನ

ಮೈಮೇಲಿನ ಬಟ್ಟೆ ಇನ್ನೂ ಒದ್ದೆ. ಅಕ್ಷರ ಹರಡಿದರೆ ಹರಡಲಿ.

ಬೆಳಗ್ಗೆ ಮಂಜು. ಎದುರಿನ ಕೈ ಕಾಣದಷ್ಟು. ಕಾಯೋಣ ಅಂದರು ಇವರು. ಗಾಳಿ ಚೆನ್ನಾಗಿದೆ, ಹೊರಡೋಣ ಅಂದವಳು ನಾನು. ಎರಡು ದ್ವೀಪಗಳ ನಡುವಿನ ದಾರಿ. ನಾನು ಚುಕ್ಕಾಣಿಯಲ್ಲಿ. ಇವರು ದೋಣಿಯ ಮೂತಿಯಲ್ಲಿ ನಿಂತು ಗಳ ಚುಚ್ಚಿ ಆಳ ನೋಡುತ್ತಿದ್ದರು.

"ಅದೇನು ಸದ್ದು? ಎಣ್ಣೇಲಿ ಏನೋ ಕರೀತಿರೋ ಹಾಗೆ."

"ಏನೂ ಇಲ್ಲ ರೀ. ಹಾಯಿ."

"ಹಾಯಿ ಮೇಲಿದೆ. ಇದು ಕೆಳಗೆ. ಎದುರಿಗೆ."

"ಏನೂ ಇಲ್ಲ ಅಂದ್ನಲ್ಲ!"

ನಿಜಕ್ಕೂ ನನಗೇನೂ ಕೇಳಿಸಲಿಲ್ಲ. ಕೇಳಿಸಿಕೊಳ್ಳಲೂ ಇಲ್ಲ. ಕಿವಿ ಸರಿಯಿರುವವಳು ನಾನು, ನನಗೇ ಇಲ್ಲದ ಸದ್ದು ಇವರಿಗೆಲ್ಲಿಂದ ಬರಬೇಕು?

"ಇದೆ ಕಣೇ" ಅಂದರು. ಅಷ್ಟೇ. ಜೀವಮಾನದಲ್ಲಿ ಮೊದಲ ಸಲ ನನ್ನ 'ಏನೂ ಇಲ್ಲ'ವನ್ನು ದಾಟಿ ಹೋದರು. ಗಳ ಬಿಸಾಕಿ ಹಿಂದೆ ಓಡಿಬಂದು ಹಾಯಿಯ ಹಗ್ಗ ಬಿಟ್ಟರು — ಈ ಗಂಟು ಮಾತ್ರ ಬಿಚ್ಚಿಕೊಂಡಿತು, ಯಾಕೆಂದರೆ ಅದು ನಾನು ಹಾಕಿದ್ದು. ಹಾಯಿ ದೊಪ್ಪನೆ ಬಿತ್ತು. ಲಂಗರು ನೀರಿಗೆ. ದೋಣಿ ಜಗ್ಗಿ, ಅರ್ಧ ತಿರುಗಿ ನಿಂತಿತು.

ಆಗ ನನಗೂ ಕೇಳಿಸಿತು. ಚುರ್ರ್ ಅಂತ. ಥೇಟ್ ಎಣ್ಣೆಯೇ.

ಮಂಜು ಸ್ವಲ್ಪ ಸರಿಯಿತು. ನಾಲ್ಕು ಮಾರು ಎದುರಿಗೆ ಕರಿ ಬಂಡೆಗಳ ಸಾಲು, ಮೈತುಂಬ ಚಿಪ್ಪು, ಗರಗಸದ ಹಲ್ಲಿನಂಥವು. ಅವುಗಳ ಮೇಲೆ ನೀರು ಸಣ್ಣಗೆ ಒಡೆಯುತ್ತಿತ್ತು. ಅದೇ ಗಾಳಿಯಲ್ಲಿ ಹೋಗಿದ್ದರೆ ತಳ ಸೀಳಿ ಹೋಗುತ್ತಿತ್ತು.

ಚುಕ್ಕಾಣಿ ಬಿಟ್ಟು ಅಲ್ಲೇ ಕೂತೆ. ಅತ್ತುಬಿಟ್ಟೆ. ಇವರು ಪಕ್ಕ ಕೂತರು. ನಾನಾಗಿದ್ದರೆ ವರ್ಷವಿಡೀ ಹೇಳಿ ತೋರಿಸುತ್ತಿದ್ದೆ. ಇವರು ಕೇಳಿದ್ದು ಇಷ್ಟೇ, "ಈಗಲಾದ್ರೂ ಹೇಳು, ಅದೇನು ಸದ್ದು?"

"ಬಂಡೆ ರೀ. ಬಂಡೆ ಮೇಲೆ ನೀರು."

"ಹಾಗನ್ನು." ಬಂಡೆಗಳ ಕಡೆ ನೋಡುತ್ತ ಅಂದರು, "ನೀನು ಏನೂ ಇಲ್ಲ ಅಂದಾಗೆಲ್ಲ ಏನೋ ಇರುತ್ತೆ ಅಂತ ನಂಗೆ ಗೊತ್ತು. ಮದುವೆ ಮನೇಲಿ ಎಲ್ರೂ ನಗ್ತಿರ್ತಾರೆ, ನಾನು ಏನು ಅಂತೀನಿ, ನೀನು ಏನೂ ಇಲ್ಲ, ಆಮೇಲೆ ಹೇಳ್ತೀನಿ ಅಂತೀಯ. ಆಮೇಲೆ ಯಾವತ್ತು ಹೇಳಿದ್ದೀಯ?"

ಕೋಪ ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಕಿವಿ ಮುಟ್ಟಿಕೊಂಡರು. ಎಡಗಡೆಯದು ಇಲ್ಲ. ಹಗ್ಗ ಬಿಡುವಾಗ ಕಿತ್ತುಹೋಗಿದೆ.

ದೋಣಿಯೊಳಗೆ ಇಲ್ಲ. ಅಂದಮೇಲೆ ನೀರಲ್ಲಿ. ಕಡಲಿನ ಇಳಿತ ಶುರುವಾಗಿತ್ತು, ನೀರು ಸೊಂಟಕ್ಕಿಳಿದಿತ್ತು. ಇಬ್ಬರೂ ಇಳಿದೆವು. ಅವರೆಕಾಳಿನಷ್ಟು ವಸ್ತು, ಬಣ್ಣವೂ ಮರಳಿನದೇ! ಇವರು ಕೈಲಾದಷ್ಟು ಕಲಕಿ ಕೆಸರೆಬ್ಬಿಸಿದರು. "ಅಲುಗಬೇಡಿ, ನಿಂತಲ್ಲೇ ನಿಲ್ಲಿ" ಅಂತ ಗದರಿದೆ. ನಿಂತರು. ಅಂಗಡಿಯಲ್ಲಿ ಸೂಜಿ ಬಿದ್ದರೆ ಹೇಗೆ ಹುಡುಕುತ್ತೇನೋ ಹಾಗೇ — ಮಂಡಿಯೂರಿ, ಒಂದು ಮೂಲೆಯಿಂದ, ಬಟ್ಟೆಗೆ ಗೆರೆ ಎಳೆದ ಹಾಗೆ ಸಾಲು ಸಾಲು. ಬೆಚ್ಚಗಿನ ನೀರು ಗಲ್ಲದವರೆಗೆ. ಮೀನಿನ ಮರಿ ಬಂದು ಬೆರಳು ಕಚ್ಚಿ ನೋಡಿದವು. ಬೆನ್ನು ಬಿಟ್ಟುಹೋಯಿತು. ಕಡಲಹುಲ್ಲಿನ ಬುಡದಲ್ಲಿತ್ತು.

ಸಿಕ್ಕಿತು ಅಂತ ಚೀರಿದೆ. ಹೋದ ಜೀವ ಬಂತು.

ಆದರೆ ಸತ್ತಿದೆ. ಚೂರೂ ಸದ್ದಿಲ್ಲ. "ನೀರು ತಾಗಿಸ್ಬೇಡಿ" ಅಂದಿದ್ದಳು ಕ್ಲಿನಿಕ್ಕಿನ ಹುಡುಗಿ. ಬ್ಯಾಟರಿ ತೆಗೆದು, ಒರೆಸಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ. ಬಲಗಿವಿಯಲ್ಲಿ ಇನ್ನೊಂದಿದೆ. "ಒಂದರಲ್ಲಿ ಅರ್ಧ ಬೈಗುಳ ಕೇಳುತ್ತೆ, ಸಾಕು" ಅಂದರು. ಅಳುತ್ತಲೇ ನಕ್ಕೆ.

ಫೆಬ್ರವರಿ 15

ಅಕ್ಕಿ ಡಬ್ಬ ಮುಟ್ಟಬಾರದೆಂದು ಮೂರು ದಿನ ಬ್ರೆಡ್ಡು, ಮೊಟ್ಟೆ. ಇವತ್ತು ತೆಗೆದೆವು. ಹೊಸ ಬ್ಯಾಟರಿ ಹಾಕಿದರು. ಕಿವಿಗಿಟ್ಟರು. ತಲೆಯಾಡಿಸಿದರು — ಇಲ್ಲ. ಆದರೂ ಕಿವಿಯಿಂದ ತೆಗೆಯಲಿಲ್ಲ.

ಅವರಿಗೆ ಕಾಣದಂತೆ ಹಿಂದೆ ಹೋಗಿ ಹಾಯಿಗೆ ತೇಪೆ ಹಾಕುತ್ತ ಕೂತೆ. ಬಾಯಲ್ಲಿ ಸೂಜಿ. ಸಾಕಷ್ಟು ಹೊತ್ತಾಯಿತು. ತಾನಾಗಿ ಬಂತು ಮಾತು, ತುಟಿ ಅಲುಗದೆ, ಪಿಸುದನಿಗಿಂತ ಚೂರು ಮೇಲೆ, "ವಾಪಸ್ ಕೊಡ್ಬೇಡಿ ರೀ. ನೀವು ಹ್ಞೂಂ ಅನ್ನೋದು ನನ್ನ ಕೈಲಿ ಇನ್ನು ನೋಡೋಕಾಗಲ್ಲ."

"ಎಡಗಡೆ ಬಂತು" ಅಂದರು.

ತಿರುಗಲಿಲ್ಲ. ಬೆನ್ನು ನನ್ನ ಕಡೆಗೇ ಇತ್ತು. "ಕರಕರ ಅಂತಿದೆ. ಆದ್ರೂ ಬಂತು. ಏನಂದೆ? ಇನ್ನೊಂದ್ಸಲ ಹೇಳು."

ಸೂಜಿ ಉಗುಳಿ ಜೋರಾಗಿ ಹೇಳಿದೆ. ಪೂರ್ತಿ. ಇವರು ಇಡೀ ಸಂಜೆ ಕಡ್ಡಿ ಗೀರಿ, ಚಮಚ ಬಡಿದು, ಎಡಕ್ಕೆ ಬಲಕ್ಕೆ ತಲೆ ತಿರುಗಿಸಿ ಕೇಳುತ್ತಲೇ ಇದ್ದರು. ರಾತ್ರಿಗೆ ಅದೇ ಅಕ್ಕಿಯಿಂದ ಅನ್ನ ಮಾಡಿದೆ. ಎರಡು ಸಲ ಬಡಿಸಿಕೊಂಡರು.

ಫೆಬ್ರವರಿ 17, ಸಂಜೆ

ಬಂದರು ಕಾಣುತ್ತಿದೆ. ಕ್ರೇನುಗಳು, ಐಸ್ ಕಾರ್ಖಾನೆಯ ಚಿಮಣಿ. ನೀರು ಇಲ್ಲೂ ಎದೆಯುದ್ದವೇ. ನಾಳೆ ಬೆಳಗ್ಗೆ ಕ್ಲಿನಿಕ್ಕು. ಎರಡು ದಿನದಿಂದ ನನ್ನ ಬಾಯಿ ನಿಂತಿಲ್ಲ, ಆ ಗುಮಾಸ್ತ ಆಮೆಯನ್ನೂ ಮತ್ತೆ ಹೇಳಿದೆ, ಈ ಸಲ ನಗುವ ಜಾಗದಲ್ಲೇ ನಕ್ಕರು. ಆದರೂ ನಾಳೆ ಏನು ಹೇಳುತ್ತಾರೋ ಕೇಳಿಲ್ಲ. ಕೇಳಲು ಹೆದರಿಕೆ. ಮೇಲೆ ಕೂತಿದ್ದಾರೆ. ನಾನು ಒಳಗೆ, ಸ್ಟವ್ ಪಕ್ಕ, ಸದ್ದಿಲ್ಲದೆ ಬರೆಯು —

"ಅದೇನು ಸದ್ದು?"

ಎಲ್ಲೂ ಏನೂ ಇಲ್ಲ. ಗಾಳಿ ನಿಂತಿದೆ. ಹಗ್ಗ ಅಲುಗುತ್ತಿಲ್ಲ.

"ಗೆರೆ ಕೊರೆದ ಹಾಗೆ. ಕೆರ ಕೆರ ಅಂತ. ಈಗ ನಿಂತಿತು. ಹ್ಞಾಂ, ಮತ್ತೆ ಶುರು."

ನನ್ನ ಪೆನ್ನು! ಪೆನ್ನು ಕೇಳಿಸುತ್ತಿದೆ ಈ ಮನುಷ್ಯನಿಗೆ.

ಏನೂ ಇಲ್ಲ ಅಂತ ನಾಲಿಗೆ ತುದಿಗೆ ಬಂತು. ನುಂಗಿದೆ. ಇದೊಂದನ್ನು ನುಂಗಿದ್ದಕ್ಕೆ ಬೇಜಾರಿಲ್ಲ. "ಬರೀತಿದೀನಿ ರೀ" ಅಂದೆ. "ನಿಮ್ಮನ್ನ ಬಯ್ಯೋಕಾಗ್ದೆ ಉಳಿದಿದ್ದೆಲ್ಲ."

ಮೇಲಿನಿಂದ ಬಗ್ಗಿ ನೋಡಿದರು.

"ಬಯ್ಯೋದನ್ನೆಲ್ಲ ಬರೆದಿಟ್ರೆ, ನಾಳೆ ನಾನು ಈ ಮಿಷನ್ ಇಟ್ಕೊಂಡು ಏನು ಮಾಡ್ಲಿ? ಹೊರಗೆ ಬಾ. ಬಾಯಲ್ಲೇ ಹೇಳು."

ಇಟ್ಟುಕೊಳ್ಳುತ್ತಾರೆ! ಅಪ್ಪಾ... ಎದೆಯ ಮೇಲಿನ ಕಲ್ಲು ಇಳಿಯಿತು. ಹೋಗುತ್ತೇನೆ. ಎಲ್ಲಿಂದ ಶುರು ಮಾಡಲಿ? ಮೊದಲು ಆ ಗಂಟಿನ —