ಮೇಜಿಗೆ ಬಡಿದರೂ ಕೇಳಿಸಲಿಲ್ಲ ಎಂದು ಹತ್ತಕ್ಕೆ ಹತ್ತು ಕೊಟ್ಟವರಿಗೆ

ರಾಜಧಾನಿಯಲ್ಲಿ ಕೂತಿರುವ ಕಲ್ಲಿದ್ದಲು ಇಲಾಖೆಯ ಮುಖ್ಯಸ್ಥರೇ,

ಪಾಳಿ ಮೇಸ್ತ್ರಿ ಶೇರಾಲಿ ಎಚ್ಚರಿಕೆ ಕೊಟ್ಟಿದ್ದ. ಕೊಡಲಿಲ್ಲ ಎನ್ನುತ್ತದೆ ನಿಮ್ಮ ತನಿಖಾ ವರದಿ. ವರದಿ ಸುಳ್ಳು, ಆ ಸುಳ್ಳಿನ ಕೆಳಗೆ ನಿಮ್ಮ ರುಜು ಇದೆ. ನಮ್ಮ ಗಣಿಯಲ್ಲಿ ಅವನೂ ಸೇರಿ ಆರು ಜನ ಸುಟ್ಟು ಸತ್ತು ಇವತ್ತಿಗೆ ನಲವತ್ತು ದಿನ. ಆರು ಮನೆಯವರೂ ಸೇರಿ ಸತ್ತವರ ಹೆಸರಲ್ಲಿ ಹಾಕಿದ ಊಟದ ಕಡಾಯಿಗಳನ್ನು ಉಜ್ಜಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಕೈಯಲ್ಲಿ ಇನ್ನೂ ಕುರಿಕೊಬ್ಬಿನ ವಾಸನೆ ಇದೆ. ಮರ್ಯಾದೆಯ ಭಾಷೆ ಎಷ್ಟು ದೂರ ಬರುತ್ತದೋ ಅಷ್ಟು ದೂರ ಬಳಸುತ್ತೇನೆ.

ಕಳೆದ ವರ್ಷ ನೀವು ಗಣಿಯ ನಿರ್ದೇಶಕರ ಹುದ್ದೆ ರದ್ದು ಮಾಡಿದಿರಿ. ನಾಲ್ಕು ಗಣಿಗಳ ಬೆಳಗಿನ ಸಭೆಯನ್ನು ನೀವೇ ಪರದೆಯ ಮೇಲೆ ನಡೆಸುವುದೆಂದಾಯಿತು. ಅದಕ್ಕಾಗಿ ಮೂರು ವಿಡಿಯೋ ಸಭೆಯ ತಂತ್ರಾಂಶಗಳನ್ನು ಹೋಲಿಸಿ ಇಪ್ಪತ್ತೆರಡು ಪುಟದ ವರದಿ ತಂದಿರಿ. ಅದನ್ನು ನಾನು ಎರಡು ಸಲ ಓದಿದ್ದೇನೆ. ನೀವು ಒಂದು ಸಲವಾದರೂ ಓದಿದ್ದೀರಾ? ಮೊದಲನೆಯದು ನಲವತ್ತು ನಿಮಿಷಕ್ಕೆ ತಾನೇ ನಿಂತುಹೋಗುತ್ತದೆ, ಬೇಡ. ಎರಡನೆಯದರಲ್ಲಿ ಚಿತ್ರ ಕಡೆದಿಟ್ಟ ಹಾಗಿರುತ್ತದೆ, ಆದರೆ ನಮ್ಮ ಬೆಟ್ಟಗಳ ಬಡಕಲು ಇಂಟರ್ನೆಟ್ಟಿಗೆ ಭಾರ, ಬೇಡ. ಮೂರನೆಯದು ನಿಮ್ಮ ಮನಸ್ಸು ಗೆದ್ದಿತು. ಅದರಲ್ಲಿ ಬೆನ್ನ ಹಿಂದೆ ಬೇಕಾದ ಚಿತ್ರ ಹಾಕಿಕೊಳ್ಳಬಹುದು, ನೀವು ನೀಲಿ ಸರೋವರ ಹಾಕಿಕೊಂಡಿರಿ. ಅದಕ್ಕಿಂತ ದೊಡ್ಡ ಗುಣವೊಂದು ಅದಕ್ಕಿತ್ತು: ಮನುಷ್ಯರ ಮಾತನ್ನು ಮಾತ್ರ ಉಳಿಸಿ ಉಳಿದ ಸದ್ದನ್ನೆಲ್ಲ ಅಳಿಸಿಹಾಕುವುದು. ಹದಿನಾಲ್ಕನೆಯ ಪುಟದಲ್ಲಿ ಹೀಗಿದೆ: 'ಪರೀಕ್ಷೆಗಾಗಿ ಮೇಜಿಗೆ ಜೋರಾಗಿ ಬಡಿಯಲಾಯಿತು. ಎದುರಿನವರಿಗೆ ಏನೂ ಕೇಳಿಸಲಿಲ್ಲ. ಹತ್ತಕ್ಕೆ ಹತ್ತು.'

ಗಣಿಯವರನ್ನು ಒಬ್ಬರನ್ನಾದರೂ ಕೇಳಿದ್ದಿರಾ, ಇಲ್ಲಿ ಮೇಜಿಗೆ ಯಾಕೆ ಬಡಿಯುತ್ತಾರೆ ಎಂದು?

ನಾನು ಹೇಳುತ್ತೇನೆ. ನಿವೃತ್ತಳಾಗುವವರೆಗೆ ಮೂವತ್ತೊಂದು ವರ್ಷ ಆ ಸಭೆಯ ನಡಾವಳಿ ಬರೆದವಳು ನಾನು. ೧೯೮೩ರ ಚಳಿಗಾಲದಲ್ಲಿ, ಮಾತಿಗೆ ಅಡ್ಡ ಬಂದ ಮೇಸ್ತ್ರಿಯ ದವಡೆಯನ್ನು ಮುಖ್ಯ ಇಂಜಿನಿಯರು ಗುದ್ದಿ ಮುರಿದ. ಮೇಸ್ತ್ರಿಯ ತಮ್ಮ ಕುರ್ಚಿ ಎತ್ತಿ ಇಂಜಿನಿಯರನ ತಲೆ ಒಡೆದ. ಹಾರಿದ ರಕ್ತಕ್ಕೆ ನನ್ನ ಪುಸ್ತಕದ ಎರಡು ಹಾಳೆ ಅಂಟಿಕೊಂಡವು, ಈಗಲೂ ಬಿಡಿಸಲು ಬರುವುದಿಲ್ಲ. ಮಾರನೆಯ ದಿನ ಒಂದು ಕಟ್ಟಳೆ ಹುಟ್ಟಿತು. ಅಧ್ಯಕ್ಷರ ಮಾತಿಗೆ ಯಾರೂ ಬಾಯಿಂದ ಅಡ್ಡ ಬರಕೂಡದು. ಕೆಳಗೆ ಅಪಾಯವಿದ್ದರೆ ಹೆಲ್ಮೆಟ್ಟಿನಿಂದ ಮೇಜಿಗೆ ಮೂರು ಸಲ ಬಡಿಯಬೇಕು. ಬಡಿದ ಕೂಡಲೇ ಅಧ್ಯಕ್ಷರು ಮಾತು ನಿಲ್ಲಿಸಿ 'ಯಾರು? ಏನು?' ಎಂದು ಕೇಳಬೇಕು. ಕೇಳದಿದ್ದರೆ ಅದಕ್ಕೆ ಅರ್ಥ ಒಂದೇ: ವಿಷಯ ಅವರಿಗೆ ಗೊತ್ತಿದೆ, ಸರಿಪಡಿಸಿಯಾಗಿದೆ, ಇಳಿಯಿರಿ. ನಲವತ್ತು ವರ್ಷ ಈ ಬಡಿತ ನಮ್ಮನ್ನು ಕಾದಿತ್ತು. ನೀವು ಅದನ್ನು ಗದ್ದಲವೆಂದು ಅಳಿಸಿದಿರಿ.

ಆ ಬೆಳಿಗ್ಗೆ ನಡೆದದ್ದನ್ನು ಮೆಲಿಸ್ ಆಸ್ಪತ್ರೆಯಲ್ಲಿ ಹೇಳಿದ. ಆ ಪಾಳಿಯಲ್ಲಿ ಬದುಕುಳಿದವನು ಅವನೊಬ್ಬನೇ. ಮುಖದ ಕಟ್ಟಿನೊಳಗೆ ಕಾಣುತ್ತಿದ್ದದ್ದು ತುಟಿಗಳು ಮಾತ್ರ.

"ತುರ್ಸುನೈ ಅಕ್ಕಾ, ಪರದೆ ಹಚ್ಚಿದ್ ಕೂಡ್ಲೇ ಒಬ್ಬ ಮೆಲ್ಲಗೆ ಅಂದ, 'ಸಾಹೇಬ್ರು ಇವತ್ತೂ ಸರೋವರದಾಗೇ ಕೂತವ್ರೆ, ಮೀನು ಸಿಕ್ತಾ ಕೇಳ್ರೋ.' ಎಲ್ರೂ ನಕ್ವಿ. ಶೇರಾಲಿ ಅಣ್ಣ ನಗಲಿಲ್ಲ. ಸುರಂಗದ ಗಾಳಿ ಫ್ಯಾನು ನಿಂತಿತ್ತಲ್ಲ, ಕೆಳಗೆ ಅನಿಲ ತುಂಬ್ಕೊಂಡೈತಿ ಅಂತ ಅವನಿಗೆ ಗೊತ್ತಿತ್ತು. ಹೆಲ್ಮೆಟ್ ತೆಗೆದು ಮೂರು ಬಡಿದ. ಸಾಹೇಬ್ರು ಓದ್ತಾನೇ ಇದ್ರು. ಮತ್ತೆ ಮೂರು. ಮತ್ತೆ ಮೂರು. ಮೇಜು ಸೀಳ್ತು ಅಕ್ಕಾ."

"ಬಾಯಿ ಬಿಟ್ಟು ಹೇಳಬಾರದಿತ್ತೇನೋ?"

"ನಾನೂ ಅದನ್ನೇ ಕೇಳ್ದೆ. 'ಮೂರ್ ಸಲ ಕೇಳಿಸ್ಕೊಂಡೂ ಸುಮ್ನದಾರೆ ಅಂದ್ರೆ ಫ್ಯಾನು ರಿಪೇರಿ ಆಗಿರ್ಬೇಕು. ನಡೀರಿ, ನಾನೇ ಮುಂದೆ ಇಳೀತೀನಿ' ಅಂದ."

ಅವನೇ ಮುಂದೆ ಇಳಿದ. ಹತ್ತೂ ಇಪ್ಪತ್ತಕ್ಕೆ ಬೆಟ್ಟ ಒಳಗಿನಿಂದ ಒದ್ದಿತು. ನಮ್ಮ ಬೀದಿಯ ಕಿಟಕಿ ಗಾಜುಗಳು ಒಟ್ಟಿಗೇ ಒಡೆದವು. ಸುರಂಗದ ಬಾಯಿಂದ ಬೆಂಕಿ ನಾಲಗೆ ಚಾಚಿ, ಕಬ್ಬಿಣದ ಬಂಡಿಯೊಂದನ್ನು ಹೊರಗೆ ಉಗುಳಿತು. ಶೇರಾಲಿಯನ್ನು ಅವನ ಹೆಂಡತಿ ಬುರುಲ್ ಗುರುತಿಸಿದ್ದು ಬೆಲ್ಟಿನ ಕೊಂಡಿಯಿಂದ. ಗುರುತಿಸಲು ಬೇರೇನೂ ಉಳಿದಿರಲಿಲ್ಲ. ಒಂದು ಕೈಯನ್ನು ಎರಡು ದಿನ ಬಿಟ್ಟು ತಂದುಕೊಟ್ಟರು.

ಸಭೆಯ ವಿಡಿಯೋ ನಿಮ್ಮಲ್ಲಿದೆ. ಅದರಲ್ಲಿ ಹೆಲ್ಮೆಟ್ ಮೇಲೇರಿ ಕೆಳಗಿಳಿಯುವುದು ಕಾಣುತ್ತದೆ, ಒಂಬತ್ತು ಸಲ, ಒಂದಿಷ್ಟೂ ಸದ್ದಿಲ್ಲದೆ. ಅದಕ್ಕೆ ನಿಮ್ಮ ತನಿಖಾಧಿಕಾರಿಗಳು ಬರೆದ ಷರಾ: 'ಮೇಸ್ತ್ರಿ ಸಭೆಗೆ ಗಮನ ಕೊಡದೆ ಹೆಲ್ಮೆಟ್ಟಿನೊಂದಿಗೆ ಆಟವಾಡುತ್ತಿದ್ದುದು ಕಂಡುಬರುತ್ತದೆ.' ಆಟ! ಮುಖ್ಯಸ್ಥರೇ, ಸತ್ತವನನ್ನು ಹೂತ ಮೇಲೂ ಕೊಲ್ಲಬಹುದೆಂದು ನಾನು ಪುಸ್ತಕಗಳಲ್ಲಿ ಓದಿದ್ದೆ. ಸರ್ಕಾರಿ ಮುದ್ರೆಯೊಂದಿಗೆ ಅದು ಆದದ್ದನ್ನು ಈಗ ಕಂಡೆ.

ಇನ್ನು ವಿಚಾರಣೆ. ಅದನ್ನೂ ಅದೇ ತಂತ್ರಾಂಶದಲ್ಲೇ ನಡೆಸಿದಿರಿ. ನಾವು ಗಣಿಯ ಸಭಾಂಗಣದಲ್ಲಿ, ನೀವು ಸರೋವರದ ಮುಂದೆ. ವರದಿ ಓದುತ್ತಾ 'ಆಟ' ಎಂಬ ಸಾಲಿಗೆ ನೀವು ಬಂದಾಗ ಬುರುಲ್ ಎದ್ದು ಗಂಡನ ಹಳೆಯ ಹೆಲ್ಮೆಟ್ಟಿನಿಂದ ಮೇಜಿಗೆ ಬಡಿದಳು. ಅವಳ ಹಿಂದೆ ಇನ್ನೂರು ಹೆಲ್ಮೆಟ್‌ಗಳು ಬಡಿದವು. ಛಾವಣಿಯ ಗಾರೆ ಉದುರಿ ನಮ್ಮ ತಲೆಯ ಮೇಲೆ ಬಿತ್ತು. ನೀವು ಹಾಳೆ ತಿರುವಿ ತಲೆಯೆತ್ತದೆ ನುಡಿದಿರಿ: "ನಿಮ್ಮ ಕಡೆ ಬಹಳ ನಿಶ್ಶಬ್ದವಾಗಿದೆ. ಶಿಸ್ತಿಗೆ ಧನ್ಯವಾದ."

"ಕೇಳಿಸ್ಲಿಲ್ವೇನೋ ನಿಂಗೆ? ಇದಾದ್ರೂ ಕೇಳಿಸ್ತದಾ ನೋಡು!" ಎಂದು ಬುರುಲ್ ಪರದೆಗೇ ಹೆಲ್ಮೆಟ್ ಬೀಸಿದಳು. ನಿಮ್ಮ ಮುಖದ ನಡುವೆ ಗಾಜು ಸೀಳಿತು. ಅವಳ ಮೊಣಕೈವರೆಗೆ ರಕ್ತ ಇಳಿಯಿತು. ಎರಡನೆಯ ಏಟನ್ನು ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಬೇಕಾದರೆ ನನ್ನ ಹೆಸರನ್ನೂ ಸೇರಿಸಿಕೊಳ್ಳಿ.

ಅವಳ ಮೇಲೆ ಸರ್ಕಾರಿ ಆಸ್ತಿಗೆ ಹಾನಿ ಮಾಡಿದ ಮೊಕದ್ದಮೆ ಹೂಡಿದ್ದೀರಿ. ಒಡೆದ ಪರದೆಯ ಜಾಗಕ್ಕೆ ನಾಲ್ಕೇ ದಿನದಲ್ಲಿ ಹೊಸದು ಬಂತು. ಎಂಟು ತಿಂಗಳಿಂದ ನಾವು ಬೇಡುತ್ತಿದ್ದ ಹೊಸ ಫ್ಯಾನು ಇನ್ನೂ ಬಂದಿಲ್ಲ.

ನಾಲ್ಕನೆಯ ತಂತ್ರಾಂಶವನ್ನು ತಂದು ಹೋಲಿಸಿ ಎಂದು ನಾನು ಕೇಳುತ್ತಿಲ್ಲ. ಬುರುಲ್ ಮೇಲಿನ ಮೊಕದ್ದಮೆ ಹಿಂತೆಗೆಯಿರಿ. 'ಆಟ' ಎಂಬ ಆ ಸಾಲನ್ನು ಹೊಡೆದುಹಾಕಿ, ಅದೇ ಜಾಗದಲ್ಲಿ 'ಶೇರಾಲಿ ಒಂಬತ್ತು ಸಲ ಬಡಿದು ಎಚ್ಚರಿಸಿದ' ಎಂದು ನಿಮ್ಮ ಕೈಯಾರೆ ಬರೆಯಿರಿ. ಅದನ್ನು ಬರೆಯಲು ಇಲ್ಲಿಗೇ ಬನ್ನಿ, ಪರದೆಯಿಲ್ಲದೆ, ಸರೋವರವಿಲ್ಲದೆ. ಸೀಳಿದ ಆ ಮೇಜನ್ನು ಹಾಗೇ ಇಟ್ಟಿದ್ದೇವೆ. ನೀವು ಅದರ ತುದಿಯಲ್ಲಿ ಕೂರಬೇಕು. ಬುರುಲ್ ಮೂರು ಸಲ ಬಡಿಯುತ್ತಾಳೆ. ಆಗ ನೀವು ಎರಡೇ ಮಾತು ಕೇಳಬೇಕು: ಯಾರು? ಏನು?

ಬರದಿದ್ದರೆ, ಈ ತಿಂಗಳು ಮುಗಿಯುವುದರೊಳಗೆ ಇನ್ನೂರು ಹೆಲ್ಮೆಟ್‌ಗಳೊಂದಿಗೆ ನಾವೇ ನಿಮ್ಮ ಕಚೇರಿಗೆ ಬರುತ್ತೇವೆ. ನಿಮ್ಮ ಬಾಗಿಲು ತೇಗದ ಮರದ್ದಂತೆ. ಬಡಿತವನ್ನು ಅಳಿಸುವ ತಂತ್ರಾಂಶ ಯಾವ ಮರದಲ್ಲೂ ಇಲ್ಲ.

ಇಂತಿ,
ನಿಮ್ಮ ಹೋಲಿಕೆಯ ಪಟ್ಟಿಯ ಪ್ರಕಾರ ಬರೀ ಗದ್ದಲವಾದ
ತುರ್ಸುನೈ,
ರಕ್ತಕ್ಕೆ ಅಂಟಿದ ಎರಡು ಹಾಳೆಗಳನ್ನು ಇನ್ನೂ ಬಿಡಿಸಲಾಗದ ಹಳೆಯ ನಡಾವಳಿ ಗುಮಾಸ್ತೆ