ದಕ್ಷಿಣದ ಗಾಳಿ

ಜನವರಿ ೧೮, ಕಯಾಮಾ

ಅಕ್ಕ ಇವತ್ತು ಮೊದಲು ನನಗೆ ಫೋನ್ ಮಾಡಲಿಲ್ಲ.

ಅವಳ ಊರು ಅಲ್ಲಡಲ್ಲಾ ನಮಗಿಂತ ದಕ್ಷಿಣಕ್ಕಿದೆ. ಜನವರಿಯೇ ನಡುಬೇಸಿಗೆಯಾದ ಈ ದೇಶದಲ್ಲಿ ಸೆಕೆ ಮುರಿಯುವ ತಂಪು ಗಾಳಿ ಅವಳ ಮನೆ ದಾಟಿಯೇ ಇಲ್ಲಿಗೆ ಬರಬೇಕು. ದಾಟಿದೊಡನೆ, "ಗಾಳಿರಾಯ ಹೊರಟ ಕಣೇ, ಕಿಟಕಿ ತೆಗಿ" ಎಂದು ಫೋನ್ ಮಾಡುತ್ತಾಳೆ. ಬೀದಿಗೆಲ್ಲ ಸುದ್ದಿ ಕೊಟ್ಟು, ಆ ಮೊದಲ ತಂಪಿಗೆ ಮುಖವೊಡ್ಡಿ ನಿಲ್ಲುವುದಕ್ಕಾಗಿಯೇ ನಾನು ಜನವರಿಯನ್ನು ಸಹಿಸುತ್ತೇನೆ.

ಮಧ್ಯಾಹ್ನ ಬೇಲಿಯಾಚೆ ಪಕ್ಕದ ಮನೆಯ ನೆವಿಲ್ ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದರು. "ಏನ್ರೀ, ಇನ್ನೂ ಬೇಯ್ತಾ ಕೂತಿದೀರಾ? ನಿಮ್ಮಕ್ಕ ನಿಮಗೆ ಹೇಳ್ಲಿಲ್ವಾ? ನಂಗೆ ಆಗ್ಲೇ ಫೋನ್ ಮಾಡಿದ್ರಲ್ಲ!"

ಕ್ರಿಸ್‌ಮಸ್ ಊಟಕ್ಕೆ ಅವರನ್ನು ಕರೆದು ಅಕ್ಕನ ಪಕ್ಕ ಕೂರಿಸಿದವಳು ನಾನೇ. ಸಿಗಡಿ ಸುಲಿದು ಸುಲಿದು ಅವಳ ತಟ್ಟೆಗೆ ಹಾಕುತ್ತಿದ್ದರು. ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ.

ಗಾಳಿ ಬಂತು. ಕಡಲ ದಂಡೆಯ ಪೈನ್ ಮರಗಳು ಬಾಗಿದವು, ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ನನ್ನವನ್ನು ನಾನು ತೆರೆಯಲಿಲ್ಲ.

ಸಂಜೆ ಅಕ್ಕನ ಫೋನ್. "ಬಂತೇನೇ ಗಾಳಿ?"

"ಇಲ್ಲ."

"ಗಾಳಿ ಆಗ್ಲೇ ಬಂತು ಅಂತ ನೆವಿಲ್ ಅಂದ್ರಲ್ಲೇ!"

"ಅವರ ಮನೆಗೆ ಬಂದಿರಬೇಕು" ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ.

ಈಗ ಹೊರಗೆ ಊರೆಲ್ಲ ತಣ್ಣಗಿದೆ. ಒಳಗೆ ಮಧ್ಯಾಹ್ನದ ಸೆಕೆ ಹಾಗೇ ಕೂತಿದೆ, ಬರೆಯುವ ಕೈ ಹಾಳೆಗೆ ಅಂಟುತ್ತಿದೆ. ಎದ್ದು ಒಂದು ಕಿಟಕಿಯನ್ನಾದರೂ, ಅವರ ಮನೆಯ ಕಡೆಗಿಲ್ಲದ್ದನ್ನು, ತೆರೆಯಬೇಕು.