ಬಿಲ್ಯಾನಾಳ ಹಾಲುಹಲ್ಲು

ರೂಸೆ,
ಜೂನ್ ೧೯

ಪ್ರೀತಿಯ ಮಗಳು ರಲಿತ್ಸಾಳಿಗೆ,

ನಿನಗೂ ನನ್ನ ಪುಟ್ಟ ಬಿಲ್ಯಾನಾಗೂ ಅಮ್ಮನ ಮುತ್ತುಗಳು. ಇಷ್ಟು ದಿನ ಕಾಗದ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಮೊದಲ ಪುಟ ಪೂರ್ತಿ ನಮ್ಮ ಲ್ಯಾಬಿನ ಯಜಮಾನ ಕಲ್ಚೆವ್‌ನನ್ನು ಬೈಯುವುದರಲ್ಲೇ ಮುಗಿಯುತ್ತಿತ್ತು, ಹರಿದು ಹಾಕುತ್ತಿದ್ದೆ. ಫೋನು ಮಾಡಿದರೆ ಇಬ್ಬರೂ ಕೂಗಾಡುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಇವತ್ತೂ ಬೈಯುತ್ತೇನೆ, ಆದರೆ ಹರಿಯುವುದಿಲ್ಲ.

ಮನೆಯಲ್ಲಿ ಎಲ್ಲ ನೆಟ್ಟಗಿದೆ. ನಿನ್ನ ಅಪ್ಪ ದಿನವಿಡೀ ಡ್ಯಾನ್ಯೂಬ್ ದಡದಲ್ಲಿ ಗಾಳ ಹಾಕಿ ಕೂತು, ಸಂಜೆ ಅಂಗಡಿಯಿಂದ ಮೀನು ತರುತ್ತಾರೆ. ಕೇಳಿದರೆ ತಾವೇ ಹಿಡಿದದ್ದು ಎನ್ನುತ್ತಾರೆ. ನಾನೂ ಹೌದು ಎನ್ನುತ್ತೇನೆ. ಲ್ಯಾಬಿನಲ್ಲಿ ಜಗಳವಾಡಿ ಬಂದವಳಿಗೆ ಮನೆಯಲ್ಲಿ ಜಗಳವಾಡುವ ಶಕ್ತಿ ಎಲ್ಲಿಂದ ಬರಬೇಕು?

ಸಂತ ಜಾರ್ಜನ ಹಬ್ಬಕ್ಕೆ ನೀವು ಬಂದಾಗ ಬಿಲ್ಯಾನಾಳ ಮುಂದಿನ ಹಲ್ಲು ಕುರಿಮಾಂಸ ಕಚ್ಚುವಾಗ ಬಿತ್ತಲ್ಲ. ನಿನ್ನ ಅಪ್ಪ ಅದನ್ನು ಕಾಗೆಗೆಂದು ಮಾಡಿನ ಮೇಲೆ ಎಸೆಯಲು ಎದ್ದರು. ಅವಳೇ ಅಡ್ಡ ನಿಂತಳು. "ತಾತಾ, ನಂಗೆ ಕಾಗೆ ಕೊಡೋ ಕಬ್ಬಿಣದ ಹಲ್ಲು ಬೇಡ. ಅಜ್ಜಿ ಕೆಲಸಕ್ಕೆ ತಗೊಳ್ಳಲಿ" ಎಂದಳು. ಆ ಹಲ್ಲಿನೊಳಗೆ ಸಾಸಿವೆ ಕಾಳಿನಷ್ಟು ತಿರುಳು ಉಳಿದಿತ್ತು. ಅದರಿಂದ ಬೆಳೆದ ಕೋಶಗಳನ್ನು ನೀನು ನೋಡಬೇಕಿತ್ತು! ನೀನು ಸೋಫಿಯಾದ ಲ್ಯಾಬಿಗೆ ಹೋಗುವ ಮೊದಲು ನಮ್ಮಲ್ಲಿ ಕೆಲಸ ಮಾಡುತ್ತಿದ್ದಾಗಲೂ ಅಷ್ಟು ಚುರುಕಾಗಿ ಬೆಳೆದ ಕೋಶಗಳು ನಮಗೆ ಸಿಕ್ಕಿರಲಿಲ್ಲ.

ಮಕ್ಕಳ ಹಲ್ಲಿಗೆಂದೇ ಬಂದಿರುವ ಹೊಸ ಫಿಲ್ಲಿಂಗನ್ನು ಅವುಗಳ ಮೇಲೆ ಪರೀಕ್ಷಿಸಿದೆ. ಸೆಪ್ಟೆಂಬರಿನಿಂದ ಶಾಲಾಮಕ್ಕಳ ಬಾಯಿಗೆ ಹೋಗಲಿರುವುದು ಇದೇ. ಅದರ ಬಿಲ್ಲೆಗಳನ್ನು ದ್ರವದಲ್ಲಿ ನೆನೆಸಿಟ್ಟು, ಆ ದ್ರವವನ್ನು ಕೋಶಗಳಿಗೆ ಹಾಕಿದೆ. ಮರುದಿನ ನೋಡಿದರೆ ಹೆಚ್ಚಿನವು ಮುದುಡಿ, ತಟ್ಟೆಯ ತಳ ಬಿಟ್ಟು ತೇಲುತ್ತಿದ್ದವು. ನನ್ನದೇ ತಪ್ಪಿರಬೇಕೆಂದು ಮತ್ತೆ ಮಾಡಿದೆ, ಮತ್ತೂ ಮಾಡಿದೆ. ಪಕ್ಕದಲ್ಲೇ ಹಳೆಯ ಫಿಲ್ಲಿಂಗಿನ ದ್ರವ ಹಾಕಿದ ಕೋಶಗಳು ಆರಾಮವಾಗಿದ್ದವು. ಎಲ್ಲರಿಗಿಂತ ಮೊದಲು ನಿನಗೇ ಫೋನು ಮಾಡಿ ಹೇಳಿದೆ. "ಅಮ್ಮಾ, ಆತುರ ಪಡಬೇಡ" ಎಂದೆ ನೀನು.

ಕಲ್ಚೆವ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ತೆಗೆದು, "ನೆವೆನಾ ಅವರೇ, ಇದು ಒಂದು ಮಗುವಿನ ಹಲ್ಲು. ಅದೂ ನಿಮ್ಮ ಮೊಮ್ಮಗಳದ್ದು. ಇನ್ನೂ ನಾಲ್ಕು ಮಕ್ಕಳ ಹಲ್ಲು ತನ್ನಿ, ಆಮೇಲೆ ಮಾತಾಡೋಣ" ಎಂದ. ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸರಿ, ಮಕ್ಕಳ ದಂತ ಆಸ್ಪತ್ರೆಯ ಕಾರಿಡಾರಿನಲ್ಲಿ ಹೋಗಿ ನಿಂತೆ. ಈ ವಯಸ್ಸಿನಲ್ಲಿ ಹಲ್ಲಿನ ಭಿಕ್ಷೆ! ಮಕ್ಕಳನ್ನು ಕರೆತರುವವರೆಲ್ಲ ಅಜ್ಜಿಯರೇ. ಕಿತ್ತ ಹಲ್ಲನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಕಾಗೆಗೆ ಒಯ್ಯುತ್ತಾರೆ. ಒಳಗಿನ ಜೀವಂತ ತಿರುಳನ್ನು ಬೆಳೆಸಿ, ಫಿಲ್ಲಿಂಗ್ ಅದಕ್ಕೆ ಒಗ್ಗುತ್ತದೆಯೋ ಇಲ್ಲವೋ ನೋಡುತ್ತೇವೆಂದು ಬಿಡಿಸಿ ಹೇಳಿದೆ. ಸ್ತೋಯ್ನಾ ಎಂಬ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ಅಂದ್ರೆ ನನ್ ಮೊಮ್ಮಗನ ಹಲ್ಲನ್ನ ಬೆಳೆಸಿ ಬೆಳೆಸಿ ಆಮೇಲೆ ಸಾಯಿಸ್ತೀಯಾ? ಕಾಗೆ ಆದ್ರೆ ಬದಲಿಗೆ ಗಟ್ಟಿ ಹಲ್ಲು ಕೊಡುತ್ತೆ. ನೀನೇನ್ ಕೊಡ್ತೀಯ?"

"ಮಗುಗೆ ಚಾಕೊಲೇಟ್ ಕೊಡ್ತೀನಿ" ಎಂದೆ.

"ಅದನ್ನ ತಿಂದೇ ಕಣೇ ಇಲ್ಲಿಗೆ ಬಂದಿರೋದು!"

ಕಾರಿಡಾರೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ನೋಡಿಯೋ ಏನೋ ಸ್ತೋಯ್ನಾ ಒಬ್ಬಳು ಕರಗಿದಳು. ಮರುದಿನ ಹುಡುಗನ ಅಲ್ಲಾಡುವ ಹಲ್ಲನ್ನು ಮನೆಯಲ್ಲೇ ಕಿತ್ತು ತರುತ್ತೇನೆಂದಳು. ಕೋಶಗಳು ಬದುಕಿರಲೆಂದು ನಮ್ಮ ಗುಲಾಬಿ ಬಣ್ಣದ ದ್ರವ ತುಂಬಿದ ಸೀಸೆ ಕೊಟ್ಟು, ಹಲ್ಲನ್ನು ಇದರಲ್ಲೇ ಹಾಕಿ ತರಬೇಕೆಂದು ಕೈ ಹಿಡಿದು ಹೇಳಿದೆ.

ತಂದಳು. ಹೇಳಿದ ಹೊತ್ತಿಗೇ ತಂದಳು ಪುಣ್ಯಾತ್ಗಿತ್ತಿ. ಸೀಸೆಯೂ ಅದೇ, ಆದರೆ ಒಳಗಿನ ದ್ರವಕ್ಕೆ ಬಣ್ಣವೇ ಇರಲಿಲ್ಲ.

"ನೀನ್ ಕೊಟ್ಟ ಶರಬತ್ ನೋಡಿ ನಮ್ಮ ಮುದುಕಪ್ಪಂಗೆ ನಂಬಿಕೆ ಬರ್ಲಿಲ್ಲ. ಚೆಲ್ಲಿಬಿಟ್ಟು ನಮ್ ಮನೇದೇ ಪ್ಲಮ್ ರಾಕಿಯಾ ತುಂಬಿದ. ಮದುವೆಗೆ ಅಂತ ಎತ್ತಿಟ್ಟಿದ್ದು ಕಣೇ. ಇನ್ನು ನಿನ್ ಹಲ್ಲು ನೂರು ವರ್ಷ ಕೆಡಲ್ಲ."

ಏನು ಹೇಳಲಿ? ಅವಳನ್ನು ತಬ್ಬಿಕೊಂಡು ಥ್ಯಾಂಕ್ಸ್ ಹೇಳಿದೆ. ಸಾರಾಯಿಯಲ್ಲಿ ರಾತ್ರಿಯಿಡೀ ಮುಳುಗಿದ್ದ ತಿರುಳಿನಲ್ಲಿ ಒಂದು ಕೋಶವೂ ಉಳಿದಿರಲಿಲ್ಲ. ಕಲ್ಚೆವ್ ಸೀಸೆ ಮೂಸಿ, "ಇದು ಫಿಲ್ಲಿಂಗ್ ಬರೋಕ್ ಮುಂಚೇನೇ ಖುಷಿಯಾಗಿ ಸತ್ತಿದೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ, ಸಮಯ ಮುಗಿಯಿತು, ಇಲಿಯ ಕೋಶಗಳ ಮೇಲೆ ಮಾಡಿ ಎಂದ.

ನಮ್ಮ ಇಲಿಯ ಕೋಶಗಳು ನಿನಗೆ ಗೊತ್ತಲ್ಲ. ಅವು ಎಲ್ಲದಕ್ಕೂ ಒಗ್ಗಿಕೊಂಡು ತಲೆಮಾರುಗಟ್ಟಲೆ ಲ್ಯಾಬಿನಲ್ಲೇ ಬದುಕಿರುವ ಜಾತಿ. ಹೊಸ ಫಿಲ್ಲಿಂಗಿಗೂ ಒಗ್ಗಿಕೊಂಡವು. ನಿಯಮಕ್ಕೆ ಅಷ್ಟು ಸಾಕು. "ಇಲಿಗಳು ಹಲ್ಲಿನ ಡಾಕ್ಟರ ಹತ್ತಿರ ಹೋಗಲ್ಲ, ಕಲ್ಚೆವ್" ಎಂದೆ. ಬಿಲ್ಯಾನಾಳ ಹಲ್ಲಿನ ಫಲಿತಾಂಶವನ್ನೂ ಸೇರಿಸದ ಹೊರತು ನಾನು ಸಹಿ ಹಾಕುವುದಿಲ್ಲ ಎಂದೆ. ಅವನು ವಾದ ಮಾಡಲೇ ಇಲ್ಲ. ಮೂರು ದಿನಕ್ಕೆ ನನ್ನ ಜಾಗದಲ್ಲಿ ಹೊರಗಿನ ಪರೀಕ್ಷಕರ ಸಹಿ ಬಿತ್ತು, ವರದಿ ಹೋಯಿತು. ಇಷ್ಟು ವರ್ಷ ಕೋಶಗಳಿಗೆ ಉಣಿಸಿ ಬೆಳೆಸಿದ ನನ್ನ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ರಲಿತ್ಸಾ, ನನಗೆ ತುಂಬ ಅವಮಾನವಾಯಿತು.

ಸಾಕು. ಸೋಫಿಯಾದಲ್ಲಿ ಸೆಕೆ ಹೆಚ್ಚಂತೆ, ಮಗುವಿಗೆ ಸೌತೆಕಾಯಿ ಮೊಸರಿನ ತಣ್ಣನೆಯ ಸೂಪು ಮಾಡಿಕೊಡು, ಬೆಳ್ಳುಳ್ಳಿ ಕಡಿಮೆ ಹಾಕು. ದೇವಮಾತೆ ನಿಮ್ಮಿಬ್ಬರನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ. ನಿನಗೆ ಒಳ್ಳೆಯದಾಗಲಿ, ಮಗಳೇ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ಅಮ್ಮ,
ನೆವೆನಾ

ಮತ್ತೊಂದು ಮಾತು: ಸಹಿ ಯಾರದೆಂದು ನಾನು ಕೇಳಿರಲಿಲ್ಲ. ಕಲ್ಚೆವ್‌ನೇ ನನ್ನನ್ನು ಸಮಾಧಾನ ಮಾಡಲು ಹೇಳಿದ: "ಬೇರೆ ಯಾರೂ ಅಲ್ಲ ನೆವೆನಾ ಅವರೇ, ನಿಮ್ಮ ಮಗಳೇ. ಫೋನಲ್ಲಿ ಕೇಳಿದೆ, ಒಪ್ಕೊಂಡ್ಲು. ಅಮ್ಮನಿಗೆ ಮಾತ್ರ ಹೇಳ್ಬೇಡಿ ಅಂದ್ಲು." ನಿಯಮದ ಪ್ರಕಾರ ನಿನ್ನದು ತಪ್ಪಲ್ಲ, ಅದು ನನಗೂ ಗೊತ್ತು, ಅದನ್ನು ಬರೆದು ಕಳಿಸಬೇಡ. ಬಿಲ್ಯಾನಾಳ ದವಡೆಹಲ್ಲು ಹುಳುಕಾಗಿದೆ ಎಂದಿದ್ದೆಯಲ್ಲ, ಅದಕ್ಕೆ ಈ ಫಿಲ್ಲಿಂಗ್ ಹಾಕಿಸುತ್ತೀಯಾ? ಇದೊಂದಕ್ಕೆ ಉತ್ತರ ಬರೆ.